ಏಳನೇ ಇನಿಂಗ್ಸಿನ ಶಾಲು

ಇತಿಹಾಸ ಅಂದರೆ ಇವರಿಗೆ ಟಾಯ್ಲೆಟ್ಟಿಗೂ ನಾಚೋಸ್ ಕೌಂಟರಿಗೂ ನಡುವಿನ ಒಂದು ಗೋಡೆ.

ಡಲ್ಲಾಸ್ ಪಕ್ಕದ ಫ್ರಿಸ್ಕೋದಿಂದ ಇನ್ನೂ ಉತ್ತರಕ್ಕೆ, ಮೊನ್ನೆ ಮೊನ್ನೆಯವರೆಗೆ ದನ ಮೇಯುತ್ತಿದ್ದ ಬಯಲಿನಲ್ಲಿ ಎದ್ದಿರುವ ಹೊಸ ಬೇಸ್‌ಬಾಲ್ ಸ್ಟೇಡಿಯಂ ಅದು. ಮಗಳು ಚಿತ್ರಾ ಹ್ಯೂಸ್ಟನ್ ಬಿಟ್ಟು ಡಲ್ಲಾಸ್ ಕಡೆಗೆ ಶಿಫ್ಟ್ ಆದಾಗ ಅವಳ ಸೋಫಾ, ಕುಕ್ಕರುಗಳ ಜೊತೆ ನಾನೂ ಶಿಫ್ಟ್ ಆಗಿದ್ದೆ. ಆಸ್ಟಿನ್ನಿನಲ್ಲಿ ಓದುತ್ತಿರುವ ಮೊಮ್ಮಗಳು ಅನಿಕಾ ವೀಕೆಂಡಿಗೆಂದು ಬಂದವಳು, "ಅಜ್ಜಿ, ಯುವರ್ ಓಲ್ಡ್ ಟೀಮ್ ಈಸ್ ಹಿಯರ್! ಲೆಟ್ಸ್ ಗೋ" ಎಂದು ಕುಣಿದಳು.

"ನನ್ನ ಟೀಮಾ? ಯಾವ ಜನ್ಮದ್ದು?" ಎಂದೆ. ಹೋದೆ ಮಾತ್ರ.

ಒಳಗೆ ಕಾಲಿಟ್ಟ ಕೂಡಲೇ ಮೂಗಿಗೆ ಆ ಹಳೆಯ ವಾಸನೆ ಬಡಿಯಿತು. ಪಾಪ್‌ಕಾರ್ನಿನ ಕರಕಲು ಬೆಣ್ಣೆ, ಆಗಷ್ಟೇ ಕತ್ತರಿಸಿದ ಹುಲ್ಲು, ಬಿಸಿಲಿಗೆ ಕಾದ ಪ್ಲಾಸ್ಟಿಕ್ ಕುರ್ಚಿ. ನನ್ನ ಬೆರಳುಗಳು ಸೆರಗಿನೊಳಗೆ ತಾವಾಗಿಯೇ ಅಲ್ಲಾಡಿದವು. ಅವಕ್ಕೆ ನನ್ನಷ್ಟು ಸ್ವಾಭಿಮಾನವಿಲ್ಲ.

ಗೋಡೆಗೆ ನೀಲಿ ಬಣ್ಣ ಬಳಿದು, ಮೇಲೆ ದಪ್ಪಕ್ಷರದಲ್ಲಿ 'ನಮ್ಮ ಪರಂಪರೆ' ಎಂದು ಇಂಗ್ಲಿಷಿನಲ್ಲಿ ಬರೆದು, ಫೋಟೋಗಳನ್ನು ತೂಗುಹಾಕಿದ್ದರು. ಟೀಮ್ ಹುಟ್ಟಿದ್ದು ಆಸ್ಟಿನ್ನಿನ ಹೊರವಲಯದಲ್ಲಿ; ಆಗ ಅದರ ಹೆಸರು ಪಿಕ್ಯಾನ್ಸ್, ಅಲ್ಲಿನ ಒಂದು ಮರದ ಕಾಯಿ. ಅಲ್ಲಿ ನೋಡುವವರಿಲ್ಲದೆ ಹ್ಯೂಸ್ಟನ್ನಿಗೆ ಬಂದು ಸ್ಟಾಫರ್ಡಿಗೂ ಮಿಸೌರಿ ಸಿಟಿಗೂ ನಡುವೆ ಬಿಡಾರ ಹೂಡಿದಾಗ ಗ್ರ್ಯಾಕಲ್ಸ್ ಆಯಿತು. ಗ್ರ್ಯಾಕಲ್ ಎಂದರೆ ಪಾರ್ಕಿಂಗ್ ಲಾಟಿನಲ್ಲಿ ಚೆಲ್ಲಿದ ಫ್ರೆಂಚ್ ಫ್ರೈಸ್ ಹೆಕ್ಕುತ್ತಾ ಕಿರುಚುವ ಕಪ್ಪು ಹಕ್ಕಿ, ನಮ್ಮ ಕಾಗೆಯ ಬಡ ನೆಂಟ. ಈಗ ಡಲ್ಲಾಸಿನಲ್ಲಿ ವೋಲ್ಟ್ಸ್ ಅಂತೆ. ಕಾಯಿ ಹಕ್ಕಿಯಾಗಿ, ಹಕ್ಕಿ ಕರೆಂಟಾಯಿತು. ಮೂರು ಊರು, ಮೂರು ಹೆಸರು, ಒಂದೂ ಕಪ್ ಇಲ್ಲ. ಕಪ್ ಬರಲಿಕ್ಕೆ ಇದೇನು ದೊಡ್ಡ ಟೀಮಲ್ಲ, ರೂಕಿ ಲೆವೆಲ್. ಬೇಸ್‌ಬಾಲಿನ ಏಣಿಯಲ್ಲಿ ಕಟ್ಟಕಡೆಯ ಮೆಟ್ಟಿಲು. ಸ್ಕೂಲು, ಕಾಲೇಜು ಬಿಟ್ಟ ಹುಡುಗರನ್ನು ತಂದು ಒಂದು ಬೇಸಿಗೆ ಬಿಸಿಲಲ್ಲಿ ಒಣಗಿಸಿ, ಒಬ್ಬಿಬ್ಬರನ್ನು ಮೇಲಿನ ಮೆಟ್ಟಿಲಿಗೆ ಕಳಿಸಿ, ಉಳಿದವರನ್ನು ಮನೆಗೆ ಅಟ್ಟುವ ಕಾರ್ಖಾನೆ.

ಗೋಡೆಯ ಮೂಲೆಯಲ್ಲಿ ಒಂದು ಫೋಟೋ ಇತ್ತು. ಬಿಸಿಲಿಗೆ ಬೆಂದ ಕೆಂಪು ಮುಖದ ಹುಡುಗನ ತಲೆಯ ಮೇಲೆ ಮೈಸೂರು ಪೇಟ, ಹೆಗಲಿಗೆ ಜರಿ ಅಂಚಿನ ಶಾಲು, ಕೊರಳಲ್ಲಿ ಗಂಧದ ಹಾರ. ಕೆಳಗೆ ಬರೆದಿದ್ದರು: 'ಟರ್ಬನ್ ಡೇ. ಸಂಭ್ರಮದಲ್ಲಿ ಒಬ್ಬ ಅಭಿಮಾನಿ.'

ಅಭಿಮಾನಿಯಂತೆ! ನಾನು ಅಲ್ಲಿಯೇ ನಿಂತುಬಿಟ್ಟೆ.

ಆ ವರ್ಷ ನಾವಿನ್ನೂ ಸ್ಟಾಫರ್ಡಿನಲ್ಲಿದ್ದೆವು. ಯಜಮಾನರು ಹೋದ ಮೇಲಿನ ಎರಡನೇ ಬೇಸಿಗೆ. ಹ್ಯೂಸ್ಟನ್ನಿನ ಬೇಸಿಗೆ ಅಂದರೆ ಒದ್ದೆ ಟರ್ಕಿ ಟವೆಲ್ಲನ್ನು ಬಿಸಿ ಮಾಡಿ ಯಾರೋ ಮುಖಕ್ಕೆ ಒತ್ತಿ ಹಿಡಿದ ಹಾಗೆ. ಮಧ್ಯಾಹ್ನ ಮೋಡ ಕಟ್ಟುತ್ತದೆ, ಮನೆ ಅಲ್ಲಾಡುವಂತೆ ಗುಡುಗುತ್ತದೆ, ಸ್ವಲ್ಪ ಹೊತ್ತು ದಬದಬ ಸುರಿದು ನಿಲ್ಲುತ್ತದೆ. ಆಮೇಲೆ ಮೊದಲಿಗಿಂತ ಹೆಚ್ಚು ಸೆಖೆ. ಮೈಸೂರಿನ ಮಳೆಗೆ ಇದ್ದ ಮ್ಯಾನರ್ಸ್ ಇಲ್ಲಿನ ಮಳೆಗಿಲ್ಲ.

ಅನಿಕಾಳ ಸ್ಕೂಲಿನ ಮಕ್ಕಳು ಒಂದು ಮ್ಯಾಚಿಗೆ ಮುಂಚೆ ರಾಷ್ಟ್ರಗೀತೆ ಹಾಡಬೇಕಿತ್ತು. ಚಿತ್ರಾಗೆ ಆಫೀಸು, ಹಾಗಾಗಿ ನಾನು ಹೋದೆ. ಬಿಸಿಲು ತಡೆಯಲಾರದೆ ಮೆಟ್ಟಿಲು ಹತ್ತಿ ಮೇಲಿನ ಕೋಣೆಗೆ ನುಗ್ಗಿದರೆ ಅಲ್ಲೊಂದು ಆರ್ಗನ್! ಇಲ್ಲಿನ ಬೇಸ್‌ಬಾಲಿಗೆ ಅದೊಂದು ಸಂಪ್ರದಾಯ: ಎಸೆತ ಎಸೆತಗಳ ನಡುವೆ, ಆಟಗಾರ ಬರುವಾಗ ಹೋಗುವಾಗ ಚರ್ಚಿನ ಆರ್ಗನ್ನಿನಂಥದ್ದನ್ನು ನುಡಿಸಿ ಜನರನ್ನು ಎಬ್ಬಿಸುವುದು. ನುಡಿಸುತ್ತಿದ್ದ ಮುದುಕಿ ಸೊಂಟ ಮುರಿದುಕೊಂಡು ಆಸ್ಟಿನ್ನಿಗೆ ಮಗನ ಮನೆಗೆ ಹೋಗಿದ್ದಳಂತೆ. ಸ್ಟೂಲು ಖಾಲಿ ಇತ್ತು. ಕೂತೆ.

ನಮ್ಮ ಕಾನ್ವೆಂಟಿನಲ್ಲಿ ಸಿಸ್ಟರ್ ಬರ್ನಡೆಟ್ ಪಿಯಾನೋ ಕಲಿಸುವಾಗ ಮಣಿಕಟ್ಟಿನ ಕೆಳಗೆ ಫುಟ್‌ರೂಲರ್ ಹಿಡಿದು ನಿಲ್ಲುತ್ತಿದ್ದರು. ಕೈ ಇಳಿದರೆ ಏಟು. "ಶಬ್ದ ಮಾಡಲು ಯಾವ ಮೂರ್ಖನಿಗಾದರೂ ಬರುತ್ತದೆ ಚೈಲ್ಡ್, ಮೌನವನ್ನು ಎಣಿಸಲು ಕಲಿ" ಎನ್ನುತ್ತಿದ್ದರು. ಕಲಿತೆ. ಆಮೇಲೆ ಮದುವೆಯಾಯಿತು. ಅತ್ತೆಮನೆಯಲ್ಲಿ ಪಿಯಾನೋ ಇರಲಿಲ್ಲ, ಇಡ್ಲಿ ಸ್ಟ್ಯಾಂಡ್ ಇತ್ತು. ಅಷ್ಟು ವರ್ಷಗಳ ಮೇಲೆ ಆ ಕೋಣೆಯಲ್ಲಿ ಬೆರಳಿಟ್ಟರೆ, ಮಣಿಕಟ್ಟು ತಾನಾಗಿಯೇ ಮೇಲೆದ್ದು ನಿಂತಿತು. ಸೌಂಡ್ ನೋಡಿಕೊಳ್ಳುತ್ತಿದ್ದ ಕೆಲ್ಸಿ ಎಂಬ ಹುಡುಗಿ ಬಾಯಿಂದ ಚೂಯಿಂಗ್ ಗಮ್ ತೆಗೆದು, "ಓ ಮೈ ಗಾಡ್, ಮಿಸೆಸ್ ರಾವ್, ನೀವು ನಾಳೆಯೂ ಬರ್ತೀರಾ?" ಎಂದಳು.

ಹೀಗೆ ನಾನು ಗ್ರ್ಯಾಕಲ್ಸ್ ಟೀಮಿನ ಆರ್ಗನಿಸ್ಟ್ ಆದೆ. ಸಂಬಳವಿಲ್ಲ, ಊಟ ಮಾತ್ರ. ಊಟವೆಂದರೆ ಹಾಟ್ ಡಾಗ್. ಸಾಸೇಜ್ ತೆಗೆದರೆ ಉಳಿಯುವುದು ಬನ್ನು ಮತ್ತು ಸಾಸಿವೆ. ಆ ಬೇಸಿಗೆಯಿಡೀ ಬನ್ನು ಸಾಸಿವೆ ತಿಂದೆ.

ಮಾಲೀಕ ಮಿಸ್ಟರ್ ಬ್ರಾಂಡನ್, ಹಾಸಿಗೆ ಅಂಗಡಿಗಳನ್ನು ನಡೆಸುತ್ತಿದ್ದವನು. ಆಟ ಅವನಿಗೆ ಗೊತ್ತಿರಲಿಲ್ಲ, 'ಎಕ್ಸ್‌ಪೀರಿಯೆನ್ಸ್' ಗೊತ್ತಿತ್ತು. ಮಾತಿಗೆ ಮುಂಚೆ ಎಕ್ಸ್‌ಪೀರಿಯೆನ್ಸ್, ಮಾತಿನ ಕೊನೆಗೆ ಎಕ್ಸ್‌ಪೀರಿಯೆನ್ಸ್. ಒಂದು ದಿನ ನಾಯಿಗಳಿಗೆ ಟಿಕೆಟ್, ಒಂದು ದಿನ ಪಜಾಮ ತೊಟ್ಟು ಬಂದವರಿಗೆ ಐಸ್‌ಕ್ರೀಂ. ಆಟಗಾರರೋ, ದೇವರೇ! ಸೂರ್ಯಕಾಂತಿ ಬೀಜ ಅಗಿದು ನಿಂತಲ್ಲಿ ಕೂತಲ್ಲಿ ಉಗುಳುವವರು. ನಮ್ಮ ಕಡೆ ಪಡಸಾಲೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುವ ಮುದುಕರೂ ಪೀಕದಾನಿ ಇಟ್ಟುಕೊಂಡಿರುತ್ತಾರೆ. ಕ್ರಿಕೆಟ್ಟಿನಲ್ಲಿ ಕನಿಷ್ಠ ಟೀ ಬ್ರೇಕ್ ಇದೆ. ಇಲ್ಲಿ ತೊಡೆ ಕೆರೆದುಕೊಳ್ಳುವುದೇ ಬ್ರೇಕ್.

ಪ್ರತಿ ಆಟಗಾರನಿಗೂ ಅವನದೇ ಒಂದು ಟ್ಯೂನ್ ಬೇಕು. ನನ್ನ ಹತ್ತಿರ ಬಂದು, ಹಲ್ಲು ಗಿಂಜಿ, ಕೇಳಿ ಹೋಗುತ್ತಿದ್ದರು. ಒಬ್ಬ ಮಾತ್ರ ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತ. ವೇಡ್ ಕಾಲ್ಡರ್, ಪಿಚರ್. ನಮ್ಮ ಲೆಕ್ಕದಲ್ಲಿ ಬೌಲರ್. ಪಶ್ಚಿಮ ಟೆಕ್ಸಸ್ಸಿನ ಯಾವುದೋ ಒಣ ಊರಿನವನು. ಅವನು ಹೇಳಿದ್ದನ್ನು ನನ್ನ ಕನ್ನಡದಲ್ಲಿ ಹೇಳುತ್ತೇನೆ.

"ಮ್ಯಾಮ್, ನಾನು ಬರೋವಾಗ ಏನೂ ನುಡಿಸ್ಬೇಡಿ."

"ಏನೂ?"

"ಏನೂ. ನಮ್ಮೂರಲ್ಲಿ ಬರೀ ಗಾಳಿ ಮ್ಯಾಮ್. ಗಲಾಟೆ ಇದ್ರೆ ನನ್ನ ಕೈ ಎಲ್ಲಿದೆ ಅಂತ ನಂಗೇ ಗೊತ್ತಾಗಲ್ಲ."

ಇಷ್ಟು ದಿನದಲ್ಲಿ ಇವರ ಪೈಕಿ ಒಬ್ಬ ಸಂಗೀತದ ಬಗ್ಗೆ ಬುದ್ಧಿ ಇರುವ ಮಾತಾಡಿದ್ದ. ಅದೂ ಸಂಗೀತ ಬೇಡ ಅಂತ. ಅವನಿಗೆ ಇಪ್ಪತ್ತನಾಲ್ಕು. ಹತ್ತೊಂಬತ್ತರ ಹುಡುಗರ ನಡುವೆ ಫೇಲಾದ ವಿದ್ಯಾರ್ಥಿಯ ಹಾಗೆ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ. ಮ್ಯಾಚಿಲ್ಲದ ದಿನ ನಾನು ಪ್ರಾಕ್ಟೀಸ್ ಮಾಡುವಾಗ ಬಂದು ಮೆಟ್ಟಿಲ ಮೇಲೆ ಕೂತು ಕೇಳುವನು. ನನ್ನ ಡಬ್ಬಿಯ ಚಕ್ಕುಲಿ ಕೊಟ್ಟರೆ, ಮುರಿಯದೆ ಸುತ್ತಲಿನಿಂದ ಅಳಿಲಿನ ಹಾಗೆ ಕಡಿಯುವನು. ಆಗಸ್ಟಿನಲ್ಲಿ ಒಂದು ದಿನ ಚಕ್ಕುಲಿ ಬೇಡ ಅಂದ.

"ಕೋಚ್ ಹೇಳಿದ್ರು ಮ್ಯಾಮ್. ಕೊನೇ ಭಾನುವಾರ ಮೇಲಿನ ಕ್ಲಬ್ಬಿಂದ ಒಬ್ರು ನೋಡೋಕೆ ಬರ್ತಾರೆ. ಅವತ್ತು ಚೆನ್ನಾಗಿ ಹಾಕಿದ್ರೆ ಮೇಲಕ್ಕೆ. ಇಲ್ಲಾಂದ್ರೆ ಊರಿಗೆ. ಊರಲ್ಲಿ ಚಿಕ್ಕಪ್ಪನ ಜೊತೆ ಬೋರ್‌ವೆಲ್ ಕೆಲಸ."

"ಭಾನುವಾರ ನಾನು ಏನೂ ನುಡಿಸಲ್ಲ" ಎಂದೆ.

ಆದರೆ ಆ ಭಾನುವಾರವನ್ನು ಬ್ರಾಂಡನ್ ಆಗಲೇ ಮಾರಿಬಿಟ್ಟಿದ್ದ, ನಮ್ಮವರಿಗೇ! ಟಿಕೆಟ್ ಒಟ್ಟಿಗೆ ಕೊಂಡರೆ ಯಾವ ಸಮುದಾಯಕ್ಕಾದರೂ ಒಂದು ದಿನ. ನಮ್ಮ ಕನ್ನಡ ಸಂಘ ಕೊಂಡಿತ್ತು. ಸಂಘದ ಅಧ್ಯಕ್ಷರು ಡಾಕ್ಟರ್ ಸತ್ಯಮೂರ್ತಿ. ಚರ್ಮರೋಗ ತಜ್ಞರು, ಅವರದು ಮಾತ್ರ ಬಹಳ ದಪ್ಪ ಚರ್ಮ. ಸಂಘಕ್ಕೆ ಯಾರೇ ಬರಲಿ, ಸನ್ಮಾನ. ಪೇಟ, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ. ಪ್ಲಂಬರ್ ಒಬ್ಬ ಸಭಾಂಗಣದ ಸಿಂಕು ರಿಪೇರಿ ಮಾಡಲು ಬಂದವನು ತಪ್ಪಿಸಿಕೊಂಡ, ಅವತ್ತು ಪೇಟ ಸ್ಟಾಕಿನಲ್ಲಿ ಇರಲಿಲ್ಲವಾದ್ದರಿಂದ.

ಭಾನುವಾರ ಮಧ್ಯಾಹ್ನ ನಮ್ಮ ಜನ ಬಂದಿಳಿದರು. ಮಿಸೌರಿ ಸಿಟಿಯಿಂದ ವ್ಯಾನುಗಳಲ್ಲಿ ಪುಳಿಯೋಗರೆಯ ಟ್ರೇಗಳು, ಬಿಸಿಲಿಗೆ ಛತ್ರಿಗಳು, ಬಂದ ಐದೇ ನಿಮಿಷಕ್ಕೆ "ಇದು ಎಷ್ಟು ಹೊತ್ತಿಗೆ ಮುಗಿಯತ್ತೆ?" ಎಂಬ ಪ್ರಶ್ನೆ. ರೇಷ್ಮೆ ಸೀರೆಯವರು ಕುರ್ಚಿ ಒರೆಸಿ ಒರೆಸಿ ಕೂತರು. ಧಾರವಾಡದ ಗಂಗಕ್ಕ, ನನ್ನ ವಾಕಿಂಗ್ ಜೊತೆಗಾತಿ, ಬಿಸಿಲಿಗೆ ಹೆದರಿ ನನ್ನ ಕೋಣೆಗೆ ಬಂದು ಫ್ಯಾನಿನ ಕೆಳಗೆ ಕೂತರು.

"ಏನ್ ಆಟಾರೀ ಇದು, ಒಬ್ಬಾಂವ ಒಗೀತಾನ, ಉಳಿದಾವ್ರು ನಿಂತು ನೋಡ್ತಾರ" ಎಂದರು.

"ನಾನೂ ಬೇಸಿಗೆಯಿಡೀ ಅದನ್ನೇ ಕೇಳ್ತಿದೀನಿ" ಎಂದೆ.

ವೇಡ್ ನಡೆದು ಬಂದ. ನಾನು ಕೈ ಮಡಿಲಲ್ಲಿಟ್ಟುಕೊಂಡೆ. ಅವನು ತಲೆಯೆತ್ತಿ ಒಮ್ಮೆ ನಮ್ಮ ಕಿಟಕಿಯತ್ತ ನೋಡಿ, ಟೋಪಿಯ ಅಂಚು ಮುಟ್ಟಿ, ಚೆಂಡು ಹಾಕಲು ಶುರು ಮಾಡಿದ.

ಈ ಆಟವನ್ನು ನಾನು ಮೆಚ್ಚಿದವಳಲ್ಲ, ಈಗಲೂ ಮೆಚ್ಚಿಲ್ಲ. ಆದರೆ ಅವತ್ತು ಅವನ ತೋಳು ಒಂದು ಹದದಲ್ಲಿ ಎದ್ದು ಒಂದು ಹದದಲ್ಲಿ ಇಳಿಯುತ್ತಿತ್ತು. ರೂಲರ್ ಹಿಡಿದು ನಿಂತಿದ್ದರೆ ಸಿಸ್ಟರ್ ಬರ್ನಡೆಟ್ ಕೂಡ ಒಂದೇಟೂ ಹಾಕುತ್ತಿರಲಿಲ್ಲ. ಬಂದವರು ಬಂದ ಹಾಗೆ ಬ್ಯಾಟು ಬೀಸಿ ವಾಪಸು ಹೋದರು. ಮೂವರು ಔಟಾದರೆ ಇಲ್ಲಿ ಒಂದು ಇನಿಂಗ್ಸ್; ಹೀಗೆ ಎರಡು, ಮೂರು, ನಾಲ್ಕು. ಒಬ್ಬನೂ ಒಂದು ಹಿಟ್ ಹೊಡೆಯಲಿಲ್ಲ. ಒಣಹುಲ್ಲಿನ ಟೋಪಿ ಹಾಕಿಕೊಂಡು ಕೆಳಗೆ ಕೂತಿದ್ದ ಮೇಲಿನ ಕ್ಲಬ್ಬಿನ ಮನುಷ್ಯ ಮೊದಲು ಒರಗಿ ಕೂತಿದ್ದವನು, ಆಮೇಲೆ ಮುಂದಕ್ಕೆ ಬಾಗಿದ.

ಐದನೆಯದಾದ ಮೇಲೆ ಒಂದು ವಿಚಿತ್ರ ನೋಡಿದೆ. ವೇಡ್ ಬೆಂಚಿಗೆ ಬಂದು ಕೂತರೆ ಪಕ್ಕದವರೆಲ್ಲ ಎದ್ದು ದೂರ ಸರಿದರು. ಯಾರೂ ಮಾತಾಡಿಸಲಿಲ್ಲ, ನೀರಿನ ಬಾಟಲಿಯನ್ನೂ ಕೈಗೆ ಕೊಡದೆ ಬೆಂಚಿನ ಮೇಲಿಟ್ಟು ಹೋದರು.

"ಜಗಳವೇನು?" ಎಂದು ಕೆಲ್ಸಿಯನ್ನು ಕೇಳಿದೆ.

ಅವಳು ತುಟಿಯ ಮೇಲೆ ಬೆರಳಿಟ್ಟಳು. ಪಿಸುಗುಟ್ಟಿದಳು: ಪಿಚರ್ ಒಂದೂ ಹಿಟ್ ಕೊಡದೆ ಒಂಬತ್ತು ಇನಿಂಗ್ಸ್ ಮುಗಿಸುವುದು ಅಪರೂಪದಲ್ಲಿ ಅಪರೂಪ. ಅದು ನಡೆಯುತ್ತಿರುವಾಗ ಅದರ ಹೆಸರೆತ್ತಬಾರದು, ಅವನನ್ನು ಮಾತಾಡಿಸಬಾರದು, ಮುಟ್ಟಬಾರದು, ಹೊಗಳಲಂತೂ ಕೂಡದು. ಹೊಗಳಿದರೆ ಕೆಡುತ್ತದೆ.

ಗಂಗಕ್ಕನಿಗೆ ಹೇಳಿದೆ. ಅವರು ಫ್ಯಾನಿನ ಕೆಳಗಿಂದ ಎದ್ದು ಕಿಟಕಿಗೆ ಬಂದರು. "ಅಯ್ಯ, ಇದು ಮಡೀನ ಬಿಡ್ರಿ! ನಮ್ಮತ್ತಿ ನೈವೇದ್ಯಕ್ಕ ನಿಂತಾಗ ಹಿಂಗ ಸರೀತಿದ್ವಿ. ಪಾಪ, ದೃಷ್ಟಿ ತಗೀಬೇಕಿತ್ತು ಹುಡುಗಗ."

ಮೊದಲ ಸಲ ನನಗೆ ಈ ಜನ ಅರ್ಥವಾದರು. ಕೂಸನ್ನು ನೋಡಿ ಗುಂಡಗಿದೆ ಎನ್ನದವರು ನಾವು. ಇದನ್ನು ನಮಗೆ ಹೇಳಿಕೊಡಬೇಕೆ?

ಅಷ್ಟರಲ್ಲಿ ಕೆಳಗೆ ಮೈಕ್ ಟೆಸ್ಟಿಂಗ್ ಕೇಳಿಸಿತು. ಏಳನೇ ಇನಿಂಗ್ಸಿನ ಮಧ್ಯೆ ಇಲ್ಲಿ ಜನರೆಲ್ಲ ಎದ್ದು ಮೈಮುರಿದು ಹಾಡುವ ಪದ್ಧತಿ. ಆ ಬಿಡುವಿನಲ್ಲಿ ಮಾಲೀಕ ಬ್ರಾಂಡನ್ನಿಗೆ ಸನ್ಮಾನ ಎಂದು ನಿಗದಿಯಾಗಿತ್ತು. ಆದರೆ ನಮ್ಮ ಅಧ್ಯಕ್ಷರು ಗೆದ್ದೆತ್ತಿನ ಬಾಲ ಹಿಡಿಯುವುದರಲ್ಲಿ ನಿಸ್ಸೀಮರು. ಕೆಲ್ಸಿಯ ಹೆಡ್‌ಸೆಟ್ಟಿನಲ್ಲಿ ಸುದ್ದಿ ಬಂತು: ಶಾಲು ಪಿಚರಿಗೆ. ಫೋಟೋ ಚೆನ್ನಾಗಿರುತ್ತದೆ ಎಂದು ಬ್ರಾಂಡನ್ ಒಪ್ಪಿದ್ದ.

ಮಂಡಿ ನೋವನ್ನು ಶಪಿಸುತ್ತಾ ಕಬ್ಬಿಣದ ಮೆಟ್ಟಿಲು ಇಳಿದೆ. ಡಾಕ್ಟರು ಪೇಟದ ಧೂಳು ಕೊಡವುತ್ತಿದ್ದರು.

"ಡಾಕ್ಟ್ರೇ, ಅವನಿಗೆ ಈಗ ಬೇಡ. ಆಟ ಮುಗೀಲಿ. ಇವರಲ್ಲಿ ಅದು ಅಪಶಕುನ."

"ಸುಮಿತ್ರಮ್ನೋರೇ, ಪ್ರೋಗ್ರಾಂ ಪ್ರಿಂಟ್ ಆಗ್ಬಿಟ್ಟಿದೆ. ಈಗ ಸನ್ಮಾನ, ಆಮೇಲೆ ವಂದನಾರ್ಪಣೆ, ಆಮೇಲೆ ಕಾಫಿ. ಅಷ್ಟು ದೂರ ಕೇಟಿಯಿಂದ ಬಂದೋರೆಲ್ಲ ವಾಪಸ್ ಡ್ರೈವ್ ಮಾಡ್ಬೇಕು, ಮುಗಿಯೋವರ್ಗೂ ಯಾರು ಕೂತಿರ್ತಾರೆ?"

"ಅವನ ಜೀವನದ ಪ್ರಶ್ನೆ ಡಾಕ್ಟ್ರೇ. ಇವತ್ತು ಕೆಟ್ರೆ ನಾಳೆ ಮನೆಗೆ ಕಳಿಸ್ತಾರೆ."

"ಶಾಲು ಹೊದಿಸಿದ್ರೆ ಯಾರಾದ್ರೂ ಕೆಡ್ತಾರೇನ್ರೀ? ನೀವು ಕಾನ್ವೆಂಟ್ನಲ್ಲಿ ಓದಿದೋರು, ಸೂಪರ್‌ಸ್ಟಿಷನ್ ಮಾತಾಡ್ತೀರಲ್ಲ!"

ಈ ಮನುಷ್ಯ ರಾಹುಕಾಲ ನೋಡದೆ ಕಾರಿಗೆ ಪೆಟ್ರೋಲ್ ಹಾಕಿಸುವವನಲ್ಲ.

ಏಳರಲ್ಲಿ ತನ್ನ ಪಾಲಿನ ಮೂವರನ್ನೂ ಔಟ್ ಮಾಡಿ ವೇಡ್ ಬೆಂಚಿನತ್ತ ನಡೆಯುತ್ತಿದ್ದ. ಬ್ರಾಂಡನ್ ಅವನ ಹೆಗಲು ಹಿಡಿದು ಮೈದಾನದ ನಡುವಿಗೆ ತಂದ. ಕೋಚ್ ತಲೆಯ ಮೇಲಿನ ಟೋಪಿ ಕಿತ್ತು ನೆಲಕ್ಕೆ ಬಡಿದ, ಮಾಲೀಕನಿಗೆ ಎದುರಾಡುವಂತಿಲ್ಲ. ಡಾಕ್ಟರ್ ಸತ್ಯಮೂರ್ತಿ ಮೈಕ್ ಹಿಡಿದು ಮೊದಲು ಕನ್ನಡದಲ್ಲಿ, "ಇದುವರೆಗೂ ಒಂದೇ ಒಂದು ಹೊಡೆತಕ್ಕೂ ಅವಕಾಶ ಕೊಡದ ಈ ವೀರ ಯುವಕ..." ಎಂದರು. ನಮ್ಮವರು ಚಪ್ಪಾಳೆ ತಟ್ಟಿದರು. ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ, ಬಿಡಿಸಿ ಬಿಡಿಸಿ, ನೋ ಹಿಟ್, ನಾಟ್ ಈವನ್ ಒನ್, ಎಂದರು. ಉಳಿದ ಸ್ಟೇಡಿಯಮ್ಮಿನಿಂದ ಒಂದು ಉಸಿರು ಹೊರಟಿತು. ಮದುವೆಮನೆಯಲ್ಲಿ ದೀಪ ಆರಿದಾಗ ಬರುವಂಥದು.

ಪೇಟ ಅವನಿಗೆ ಚಿಕ್ಕದು. ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಹಣ್ಣಿನ ಬುಟ್ಟಿ ಹಿಡಿದು ನಿಂತ. ಎಸೆಯುವ ಕೈಯಲ್ಲಿ ಬುಟ್ಟಿ! ವಂದನಾರ್ಪಣೆ ಮಾಡಿದ ಕಾರ್ಯದರ್ಶಿ ಶಾಮಿಯಾನದವನನ್ನೂ ಬಿಡಲಿಲ್ಲ.

"ನಿಮ್ಮ ಡಾಕ್ಟರ್ ಕೈಯಾಗ ಮೈಕ್ ಕೊಟ್ರ ಹಿಂಗರಿ," ಎಂದರು ಗಂಗಕ್ಕ, ನಾನು ಏದುಸಿರು ಬಿಡುತ್ತಾ ಮೇಲೆ ಬಂದಾಗ. "ಹೆಣದ ಮುಂದೂ ಅಧ್ಯಕ್ಷೀಯ ಭಾಷಣ ಮಾಡಾಂವರಿ ಅಂವ."

ಎಂಟನೇ ಇನಿಂಗ್ಸಿನ ಮೊದಲ ಚೆಂಡನ್ನೇ ಒಬ್ಬ ಎತ್ತಿ ಹೊಡೆದ. ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ, ಒಣ ತೆಂಗಿನಕಾಯಿ ಕಲ್ಲಿಗೆ ಬಿದ್ದ ಹಾಗೆ. ಮುಂದಿನವನೂ ಹೊಡೆದ. ಅದರ ಮುಂದಿನವನ ಹೊಡೆತ ಬೇಲಿ ದಾಟಿ ಪಾರ್ಕಿಂಗಿನಲ್ಲಿ ನಮ್ಮವರ ವ್ಯಾನುಗಳ ನಡುವೆ ಬಿತ್ತು. ವೇಡ್‌ನ ತೋಳು ಏಳುತ್ತಿತ್ತು, ಆದರೆ ಹದ ಹೋಗಿತ್ತು. ಕೋಚ್ ನಿಧಾನವಾಗಿ ನಡೆದು ಬಂದು ಅವನ ಕೈಯಿಂದ ಚೆಂಡು ತೆಗೆದುಕೊಂಡ. ಒಣಹುಲ್ಲಿನ ಟೋಪಿಯವನು ಆಗಲೇ ಎದ್ದು ಹೋಗಿದ್ದ.

ಹೆಡ್‌ಸೆಟ್ಟಿನಲ್ಲಿ ಬ್ರಾಂಡನ್ ಕಿರುಚುತ್ತಿದ್ದ. ಕೆಲ್ಸಿ ನನ್ನತ್ತ ತಿರುಗಿದಳು. "ಏನಾದ್ರೂ ನುಡಿಸ್ಬೇಕಂತೆ ಮಿಸೆಸ್ ರಾವ್. ಸಮ್‌ಥಿಂಗ್ ಹ್ಯಾಪಿ. ಜನ ಎದ್ದು ಹೋಗ್ತಾರಂತೆ."

ನಾನು ಬಗ್ಗಿ ಆರ್ಗನ್ನಿನ ಪ್ಲಗ್ ಕಿತ್ತೆ.

ಮೈದಾನದ ನಡುವಿನಿಂದ ಬೆಂಚಿಗೆ ದೂರ ಜಾಸ್ತಿಯಿಲ್ಲ. ಅಷ್ಟು ದೂರವನ್ನೂ ಅವನು ಮೌನದಲ್ಲಿ ನಡೆದ. ಅವನ ಬೂಟಿನ ಮುಳ್ಳುಗಳು ಜಲ್ಲಿಯ ಮೇಲೆ ಕಿರ್ ಕಿರ್ ಎನ್ನುವುದು ಮೇಲೆ ನಮ್ಮ ಕಿಟಕಿಗೂ ಕೇಳುತ್ತಿತ್ತು. ನಾನು ಮನಸ್ಸಿನಲ್ಲಿ ತಾಳ ಎಣಿಸುತ್ತಿದ್ದೆ. ಅವನು ಬೆಂಚು ಮುಟ್ಟುವ ಮೊದಲೇ ಡಾಕ್ಟರ್ ಸತ್ಯಮೂರ್ತಿ ಒಬ್ಬರೇ ಚಪ್ಪಾಳೆ ತಟ್ಟಿಬಿಟ್ಟರು. ಕಾರ್ಯಕ್ರಮ ಮುಗಿಯಿತು ಅಂದುಕೊಂಡಿರಬೇಕು.

ಜನ ಕರಗಿದ ಮೇಲೆ ವೇಡ್ ಮೇಲೆ ಬಂದ. ಶಾಲನ್ನು ಅಂಚಿಗೆ ಅಂಚು ಕೂಡಿಸಿ ನೀಟಾಗಿ ಮಡಿಸಿದ್ದ. ನಮ್ಮ ಸಂಘದವರು ಯಾರೂ ಹಾಗೆ ಮಡಿಸಿದ್ದನ್ನು ನಾನು ಕಂಡಿಲ್ಲ.

"ಇದನ್ನ ವಾಪಸ್ ಕೊಡ್ಬೇಕಾ ಮ್ಯಾಮ್?"

"ಬೇಡ. ನಿನ್ನದೇ."

"ಇದನ್ನ ಯಾರಿಗೆ ಹಾಕ್ತಾರೆ?"

"ದೊಡ್ಡ ಕೆಲಸ ಮಾಡಿದವರಿಗೆ."

"ಮಾಡಿದ ಮೇಲಾ, ಮಾಡೋಕೆ ಮುಂಚೆಯಾ?"

"ಮಾಡಿದ ಮೇಲೆ."

ಅವನು ನಕ್ಕ. ಅಳುವುದಕ್ಕೆ ಹೊರಟ ಮುಖ, ದಾರಿ ತಪ್ಪಿ ನಕ್ಕಿತು. "ಹಾಗಾದ್ರೆ ನಿಮ್ಮೋರು ಎರಡು ಇನಿಂಗ್ಸ್ ಅವಸರ ಮಾಡಿದ್ರು."

ನನಗೆ ಅವನ ಹೆಗಲ ಮೇಲೆ ಕೈಯಿಡಬೇಕು ಅನ್ನಿಸಿತು. ಚಕ್ಕುಲಿಯ ಡಬ್ಬಿ ಕೊಟ್ಟೆ. ಶಾಲು ಅಮ್ಮನಿಗೆ ಅಂದ. ಪೇಟವನ್ನು ಟ್ರಕ್ಕಿನ ಮುಂದಿನ ಗಾಜಿನ ಹಿಂದೆ ಇಟ್ಟುಕೊಂಡು ಪಶ್ಚಿಮಕ್ಕೆ ಹೊರಟುಹೋದ. ಮತ್ತೆ ಅವನ ಸುದ್ದಿ ನನಗೆ ಗೊತ್ತಿಲ್ಲ. ಬ್ರಾಂಡನ್ ನನ್ನನ್ನು ಮರುದಿನವೇ ತೆಗೆದು ಮ್ಯೂಸಿಕ್ಕಿನ ಮಶೀನು ತಂದ. ಮುಂದಿನ ವಸಂತಕ್ಕೆ ಟೀಮನ್ನೂ ಯಾರಿಗೋ ಮಾರಿದ. ಸಂಘದ ವಾರ್ಷಿಕ ವರದಿಯಲ್ಲಿ ಮಾತ್ರ ಆ ಭಾನುವಾರ 'ಅಭೂತಪೂರ್ವ ಯಶಸ್ಸು' ಎಂದಾಯಿತು.

ಆ ಅಭೂತಪೂರ್ವ ಯಶಸ್ಸು ಈಗ ಡಲ್ಲಾಸಿನ ಗೋಡೆಯ ಮೇಲೆ ಅಭಿಮಾನಿಯಾಗಿ ನೇತಾಡುತ್ತಿತ್ತು.

ಪಕ್ಕದಲ್ಲಿ ಮಕ್ಕಳು 'ಗೋ ವೋಲ್ಟ್ಸ್' ಎಂದು ಗೀಚಲು ಒಂದು ಬಿಳಿ ಬೋರ್ಡು, ಅದಕ್ಕೆ ದಾರ ಕಟ್ಟಿದ ಕಪ್ಪು ಮಾರ್ಕರ್. ಎಳೆದೆ. ದಾರ ಫೋಟೋದವರೆಗೆ ಬರಲಿಲ್ಲ. ಇನ್ನೂ ಎಳೆದೆ, ಕಿತ್ತುಬಂತು.

"ಅಜ್ಜಿ! ವಾಟ್ ಆರ್ ಯೂ ಡೂಯಿಂಗ್!"

"ಕರೆಕ್ಷನ್" ಎಂದೆ. 'ಅಭಿಮಾನಿ' ಎಂಬುದನ್ನು ಒಂದೇ ಗೆರೆಯಲ್ಲಿ ಹೊಡೆದು ಹಾಕಿ, ಗಾಜಿನ ಮೇಲೆ, ಕಾನ್ವೆಂಟಿನ ಕರ್ಸಿವ್ ಇಂಗ್ಲಿಷಿನಲ್ಲಿ ಬರೆದೆ: ವೇಡ್ ಕಾಲ್ಡರ್, ಪಿಚರ್. ಏಳು ಇನಿಂಗ್ಸ್, ಒಂದೂ ಹಿಟ್ ಇಲ್ಲ.

ಸೆಕ್ಯುರಿಟಿಯ ಹುಡುಗಿ ಓಡಿಬಂದಳು. "ಮ್ಯಾಮ್, ಮ್ಯಾಮ್, ಅಲ್ಲಿ ಬರೆಯೋ ಹಾಗಿಲ್ಲ!" ಕೈಯಲ್ಲಿ ಒರೆಸುವ ಬಟ್ಟೆ. ಗಾಜಿಗೆ ಬಟ್ಟೆ ಒತ್ತುವ ಮೊದಲು ಓದಿದಳು. ಆಟ ಗೊತ್ತಿದ್ದವಳಿರಬೇಕು, ಬಟ್ಟೆ ಅಲ್ಲಿಯೇ ನಿಂತಿತು.

"ಏಳು ಇನಿಂಗ್ಸಾ? ಒಂದೂ ಇಲ್ವಾ?" ಎಂದಳು. "ಆಮೇಲೇನಾಯ್ತು?"

"ಆಮೇಲೆ," ಎಂದೆ, "ನಮ್ಮವರು ಅವನಿಗೆ ಶಾಲು ಹೊದಿಸಿದರು."